ಪಾಲಿನ ಗೋಡೆ

ಸಿಂಧನೂರು
14 ಜುಲೈ 2024

ಸುರೇಖಕ್ಕನವರಿಗೆ ನಮಸ್ಕಾರಗಳು.

ನಾನು ಫೋನ್ ಮಾಡಿದರೆ ನೀವು ಎತ್ತುತ್ತಿಲ್ಲ. ಎತ್ತಿ ಎಂದು ಕೇಳುವ ಮುಖವೂ ನನಗಿಲ್ಲ. ಅದಕ್ಕೆ ಈ ಕಾಗದವನ್ನು ನಿಮ್ಮ ಶಾಲೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಹರಿಯುವ ಮೊದಲು ಒಮ್ಮೆ ಓದಿ. ಜಗಳದ ವಿಷಯವಲ್ಲ, ಗೋಡೆಯ ವಿಷಯ.

ಮನೆ ಪಾಲಾದಾಗ ಅಣ್ಣತಮ್ಮಂದಿರ ನಡುವೆ ಎದ್ದಿತಲ್ಲ, ಆ ಗೋಡೆ. ಅದರ ಈಚೆ ನಮ್ಮ ಒಳಕೋಣೆ, ಆಚೆ ನಿಮ್ಮ ಪಡಸಾಲೆ. ಭಾವನವರಿಗೆ ಲಿಂಗಸುಗೂರಿಗೆ ವರ್ಗವಾದಾಗಿನಿಂದ ನಿಮ್ಮ ಪಾಲು ಕೀಲಿ ಹಾಕಿಯೇ ಇದೆ. ಒಳಕೋಣೆ ಈಗ ನನ್ನದು ಮತ್ತು ಕೂಸಿನದು. ತೊಟ್ಟಿಲು ಆ ಗೋಡೆಯ ಪಕ್ಕಕ್ಕೇ ತೂಗುತ್ತದೆ, ಕೊಂಡಿ ಇರುವುದು ಅಲ್ಲೊಂದೇ ಕಡೆ.

ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಗೋಡೆಯ ಮೇಲ್ತುದಿಯಲ್ಲಿ ಒಂದು ತಟ್ಟೆಯಗಲ ಒದ್ದೆ ಕಂಡಿತು. ಆಮೇಲೆ ಅದು ಬುಟ್ಟಿಯಗಲವಾಯಿತು. ಈಗ ತೊಟ್ಟಿಲ ಮಟ್ಟಕ್ಕೆ ಇಳಿದಿದೆ. ಬಣ್ಣ ಹಪ್ಪಳದ ಹಾಗೆ ಉಬ್ಬುತ್ತದೆ, ಒತ್ತಿದರೆ ಪುಡಿ, ಪುಡಿಯ ಹಿಂದೆ ಬಿಳಿ ಉಪ್ಪು. ನಾನು ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿದವಳು, ಆ ಉಪ್ಪಿನ ಹೆಸರು ಹೇಳಬಲ್ಲೆ. ಅದನ್ನು ನಿಲ್ಲಿಸುವುದು ಮಾತ್ರ ಗೊತ್ತಿಲ್ಲ. ಕೂಸಿನ ಎದೆ ಗೊರಗೊರ ಅನ್ನುತ್ತದೆ. ಎರಡು ಸಲ ಆಸ್ಪತ್ರೆಯಲ್ಲಿ ಹೊಗೆಯಂಥ ಔಷಧಿ ಕೊಡಿಸಿದೆವು. ಡಾಕ್ಟರು ಕೇಳಿದ್ದು ಒಂದೇ ಮಾತು: ‘ಮಲಗೋ ಕೋಣೆ ಗೋಡೆ ಹೆಂಗದಾವ್ರೀ?’ ಅವತ್ತಿನಿಂದ ನನಗೆ ನಿದ್ದೆ ಎಂಬುದಿಲ್ಲ. ಕೂಸು ಮಲಗಿದರೆ ಮೂಗಿನ ಕೆಳಗೆ ಬೆರಳು ಹಿಡಿದು ಕೂರುತ್ತೇನೆ. ಉಸಿರು ತಾಗುತ್ತದೆ. ಆದರೂ ಬೆರಳು ತೆಗೆಯಲು ಧೈರ್ಯವಾಗುವುದಿಲ್ಲ.

ನಿಮ್ಮ ಮೈದುನರು ಪೇಟೆಯ ಅಂಗಡಿಯಿಂದ ಒಂದು ಆಲ್ಬಮ್ ತಂದಿದ್ದಾರೆ. ಪಿವಿಸಿ ಪ್ಯಾನಲ್‌ಗಳು. ಕಟ್ಟಿಗೆಯಂತೆ ಕಾಣುವುದು, ಅಮೃತಶಿಲೆಯಂತೆ ಕಾಣುವುದು, ಬಂಗಾರದ ಗೆರೆ ಇರುವುದು. ‘ಮುಚ್ಚಿಬಿಟ್ರ ಮುಗೀತು. ಹೋಟೆಲ್ ರೂಮ್ ಕಂಡಂಗ ಕಾಣತೈತಿ’ ಎನ್ನುತ್ತಾರೆ. ನನಗೋ ಅನುಮಾನ. ಒದ್ದೆ ಈ ಕಡೆಯದಲ್ಲ. ಈ ಕಡೆ ನಲ್ಲಿ ಇಲ್ಲ, ಬಚ್ಚಲೂ ದೂರ. ನಿಮ್ಮ ಕಡೆ ಒಮ್ಮೆ ಕೀಲಿ ತೆಗೆದು ನೋಡಿದರೆ ತಿಳಿಯಬಹುದು. ನೀವೇ ಬರಬೇಕೆಂದಿಲ್ಲ, ಕೀಲಿಯನ್ನು ಯಾರ ಕೈಯಲ್ಲಾದರೂ ಕಳಿಸಿದರೂ ಆದೀತು.

ತಪ್ಪು ತಿಳಿಯಬೇಡಿ.

ನಿಮ್ಮ
ಅನುಪಮಾ


ಲಿಂಗಸುಗೂರು
27 ಜುಲೈ 2024

ಅನುಪಮಾ,

ತೊಟ್ಟಿಲಿಗೆ ಕರೆಯಲಿಲ್ಲ, ಗೋಡೆಗೆ ಕರೆಯುತ್ತಿದ್ದೀರಿ. ಇರಲಿ.

ನಮ್ಮ ಪಡಸಾಲೆಯಲ್ಲಿಯೂ ನಲ್ಲಿ ಇಲ್ಲ. ಬಚ್ಚಲು ಹಿತ್ತಲಲ್ಲಿದೆ, ಅದರಲ್ಲಿ ಒಂದು ಹನಿ ನೀರು ಬಿದ್ದು ಎರಡು ವರ್ಷ ಆಯಿತು. ಜನರೇ ಇಲ್ಲದ ಮನೆಯಿಂದ ನಿಮ್ಮ ಕೋಣೆಗೆ ಒದ್ದೆ ಹೇಗೆ ಬರುತ್ತದೆ? ಎರಡೂ ಪಾಲಿಗೂ ಒಂದೇ ಸ್ಲ್ಯಾಬ್, ಮಾವನವರು ಹಾಕಿಸಿದ್ದು. ನೀವು ನಿಮ್ಮ ಕಡೆಯ ಮಾಳಿಗೆ ನೋಡಿಕೊಳ್ಳಿ.

ಕಾಗದವನ್ನು ಇವರಿಗೆ ತೋರಿಸಿಲ್ಲ. ತೋರಿಸಿದರೆ ಏನನ್ನುತ್ತಾರೆ ಎಂಬುದು ನಿನಗೂ ಗೊತ್ತು. ‘ಈಗ ಗ್ವಾಡಿ ನೆವ ಸಿಕ್ಕೈತಿ ಅವರಿಗೆ’ ಅನ್ನುತ್ತಾರೆ. ಕೀಲಿ ಕಳಿಸುವುದು ನನ್ನ ಕೈಯಲ್ಲಿಲ್ಲ. ಕೂಸಿನ ತೊಟ್ಟಿಲನ್ನು ಬೇರೆ ಕಡೆ ಕಟ್ಟು. ಕೊಂಡಿ ಇಲ್ಲ ಎಂದರೆ ಕೊಂಡಿ ಹೊಡೆಸು. ಪ್ಯಾನಲ್‌ಗಿಂತ ಅದು ಸಸ್ತಾ.

ಸುರೇಖಾ

ಕೂಸಿನ ಹೆಸರು ಏನು? ನನಗೆ ಯಾರೂ ಹೇಳಿಲ್ಲ.


ಸಿಂಧನೂರು
9 ಆಗಸ್ಟ್ 2024

ಅಕ್ಕ,

ಹೆಸರು ಅನ್ವಿತಾ. ಅದು ನಾವು ಇಟ್ಟದ್ದು. ಅತ್ತೆ ಕರೆಯುವುದು ಹುಲಿಗೆಮ್ಮ ಎಂದು. ಮುದ್ದಿಗೆ ಹುಲಿಗಿ. ಮುನಿರಾಬಾದಿನ ದೇವಿಗೆ ಹರಕೆ ಹೊತ್ತಿದ್ದೆ ಎನ್ನುತ್ತಾರೆ. ಇದ್ದೀತು. ಈ ಮನೆಯಲ್ಲಿ ಭಾವನವರ ಹೆಸರು ಹುಲಿಗೇಶ ಎಂಬುದನ್ನು ಯಾರೂ ಬಾಯಲ್ಲಿ ಆಡುವಂತಿಲ್ಲವಲ್ಲ. ಅತ್ತೆ ಈಗ ಬೆಳಗಿನಿಂದ ಸಂಜೆತನಕ ‘ಹುಲಿಗಿ ಎದ್ದೇನವ್ವಾ, ಹುಲಿಗಿ ಉಂಡೇನವ್ವಾ, ನನ್ನ ಹುಲಿಗಿ ಯಾಕ ಅಳಾಕತ್ತಾಳ’ ಎಂದು ಕರೆಯುತ್ತಾ ಓಡಾಡುತ್ತಾರೆ. ಇವರು ಕೇಳಿಯೂ ಕೇಳದಂತೆ ಪೇಪರ್ ಓದುತ್ತಾರೆ.

ತೊಟ್ಟಿಲಿಗೆ ಕರೆಯದ ಮಾತು ಬರೆದಿರಿ. ಅದಕ್ಕೆ ನಾನು ಏನು ಬರೆದರೂ ಬಣ್ಣ ಬಳಿದ ಹಾಗಾಗುತ್ತದೆ. ಬರೆಯುವುದಿಲ್ಲ.

ಪ್ಯಾನಲ್ ಬಂತು. ಕಟ್ಟಿಗೆ ಬಣ್ಣದ್ದೇ ಆಯ್ಕೆಯಾಯಿತು. ಬೆಳಿಗ್ಗೆ ಶುರು ಮಾಡಿದವರು ಸಂಜೆಗೆ ಮುಗಿಸಿದರು. ಒದ್ದೆ ಇದ್ದ ಗೋಡೆ ಎಲ್ಲಿ ಹೋಯಿತೋ ಗೊತ್ತಾಗದಂತೆ. ಸತ್ಯ ಹೇಳಬೇಕೆಂದರೆ ಚೆಂದ ಕಂಡಿತು ಅಕ್ಕ. ನಾನೂ ಒಂದು ಫೋಟೊ ತೆಗೆದು ಗೆಳತಿಯರಿಗೆ ಕಳಿಸಿದೆ. ಇವರು ಓಣಿಯ ನರಸಣ್ಣನವರನ್ನು ಕರೆತಂದು ತೋರಿಸಿದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, ‘ಹುಣ್ಣಿಗೆ ಜರಿ ಸೀರಿ ಉಡಿಸಿದಂಗಾತು’ ಎಂದು ಒಳಗೆ ಹೋದರು. ನರಸಣ್ಣನವರು ನಕ್ಕರು, ಇವರು ನಗಲಿಲ್ಲ.

ನೀವು ಹೇಳಿದಂತೆ ತೊಟ್ಟಿಲನ್ನು ನಮ್ಮ ಪಡಸಾಲೆಗೆ ಒಯ್ಯೋಣ ಎಂದರೆ, ಅಲ್ಲಿ ಟಿವಿ, ಅಲ್ಲಿ ಬಾಗಿಲು, ಅಲ್ಲಿ ಸೊಳ್ಳೆ. ಸಂಜೆ ಆರಾದರೆ ಗದ್ದೆಯ ಕಡೆಯಿಂದ ಬರುವ ಸೊಳ್ಳೆ ನಿಮಗೆ ಮರೆತಿರಲಿಕ್ಕಿಲ್ಲ. ಕಿಟಕಿಗೆ ಜಾಳಿಗೆ ಹಾಕಿಸಿ ಎಂದು ಹೇಳಿದ್ದೇನೆ. ಮೊದಲು ಅದಕ್ಕೆ ಖರ್ಚು ಮಾಡಬೇಕಿತ್ತು, ಕಾಣುವುದಕ್ಕಲ್ಲ. ಆದರೆ ಜಾಳಿಗೆಯ ಫೋಟೊ ಯಾರು ತೆಗೆಯುತ್ತಾರೆ?

ನಾಲ್ಕು ದಿನದಿಂದ ಕೋಣೆಯಲ್ಲಿ ಒಂದು ವಾಸನೆ. ನೆನೆದ ಗೋಣಿಚೀಲದ್ದು. ‘ನಿನಗೊಬ್ಬಾಕಿಗೇ ಬರತೈತಿ’ ಎನ್ನುತ್ತಾರೆ ಇವರು. ನಿದ್ದೆಗೆಟ್ಟವಳ ಮೂಗನ್ನು ನಾನೇ ನಂಬುತ್ತಿಲ್ಲ, ಅವರೇನು ನಂಬುತ್ತಾರೆ.

ಅನುಪಮಾ


ಮಸ್ಕಿ
2 ಸೆಪ್ಟೆಂಬರ್ 2024

ಅಕ್ಕ,

ಮೇಲಿನ ಊರಿನ ಹೆಸರು ನೋಡಿ ಗಾಬರಿಯಾಗಬೇಡಿ. ತವರಿಗೆ ಬಂದಿದ್ದೇನೆ. ಇನ್ನು ಬರೆದರೆ ಇಲ್ಲಿಗೇ ಬರೆಯಿರಿ, ನಮ್ಮಪ್ಪ ಬಾಲಪ್ಪನವರ ಹೆಸರಿಗೆ.

ಆಗಸ್ಟ್ ಕೊನೆಯ ಮಳೆಗಳಲ್ಲಿ ಕೂಸನ್ನು ಮೂರನೆಯ ಸಲ ಆಸ್ಪತ್ರೆಗೆ ಒಯ್ದೆವು. ಈ ಸಲ ಒಂದು ರಾತ್ರಿ ಅಲ್ಲಿಯೇ ಇಟ್ಟುಕೊಂಡರು. ಮನೆಗೆ ಬಂದ ಮಧ್ಯಾಹ್ನ ಇವರು ಮಿಲ್ಲಿಗೆ ಹೋದಮೇಲೆ ನಾನು ದೋಸೆ ಎಬ್ಬಿಸುವ ಮೊಗಚಿ ತಂದು ಪ್ಯಾನಲ್‌ನ ಒಂದು ಪಟ್ಟಿ ಎಬ್ಬಿಸಿದೆ. ಎಬ್ಬಿಸಬಾರದಿತ್ತೋ ಏನೋ. ಹಿಂದೆ ಗೋಡೆಯೇ ಇರಲಿಲ್ಲ ಎನ್ನಬೇಕು. ಅಂಗೈದಪ್ಪ ಕಪ್ಪು ಬೂಜು, ಕೆಳಗಿನತನಕ. ಅದರ ಮುಂದೆ ನನ್ನ ಮಗಳು ಒಂದು ತಿಂಗಳು ಉಸಿರಾಡಿದ್ದಾಳೆ. ನಾನು ಅದರ ಫೋಟೊ ತೆಗೆದು ಗೆಳತಿಯರಿಗೆ ಕಳಿಸಿದ್ದೆ.

ಸಂಜೆ ಇವರು ಬಂದು ನೋಡಿದರು. ಎಬ್ಬಿಸಿದ ಪಟ್ಟಿಯನ್ನು ನೋಡಿದರೇ ಹೊರತು ಬೂಜನ್ನಲ್ಲ.

‘ಹೊಸಾದು ಕಿತ್ತೀಯಲ್ಲಲೇ.’

‘ಒಳಗ ನೋಡ್ರಿ.’

‘ಒಳಗೇನು ನೋಡೂದು? ಅವರ ಕಡಿಂದ ಬರತೈತಿ ಅಂದ್ರ ನಾ ಏನ್ ಮಾಡ್ಲಿ? ಹೋಗಿ ಅವರ ಕಾಲ್ ಹಿಡಕೊಳ್ಲೇನು?’

‘ಹಿಡಕೋರಿ. ಕೂಸಿನ ಸಲುವಾಗಿ ಹಿಡಕೊಂಡ್ರ ಏನಾಕೈತಿ?’

ಮರುದಿನ ಬೆಳಿಗ್ಗೆ ಮಸ್ಕಿ ಬಸ್ ಹತ್ತಿದೆ. ಹೊರಡುವಾಗ ಹೇಳಿದ್ದೇನೆ, ಆ ಗೋಡೆಯ ಒದ್ದೆ ನಿಲ್ಲುವತನಕ ಕೂಸನ್ನು ಆ ಮನೆಗೆ ಕರೆತರುವುದಿಲ್ಲ ಎಂದು. ಹೇಳುವಾಗ ಸಿಟ್ಟಿತ್ತು. ಈಗ ಸಿಟ್ಟು ಇಳಿದಿದೆ, ಮಾತು ಮಾತ್ರ ಹಾಗೇ ಉಳಿದಿದೆ. ಇಲ್ಲಿ ಕೂಸಿನ ಎದೆ ತಿಳಿಯಾಗಿದೆ. ಬಾಯಿ ಮುಚ್ಚಿ ಮಲಗುತ್ತಾಳೆ. ನನಗೆ ಸಂತೋಷವಾಗಬೇಕು, ಆದರೆ ಅವಳು ಇಲ್ಲಿ ಹುಷಾರಾದಷ್ಟೂ ನಾನು ಅಲ್ಲಿಗೆ ಹೋಗುವುದು ಕಷ್ಟವಾಗುತ್ತಿದೆ.

ಇವರು ನಿನ್ನೆ ಫೋನ್ ಮಾಡಿ, ‘ಗ್ವಾಡಿಗೆ ಹೆದರಿ ಗಂಡನ್ನ ಬಿಟ್ಟು ಹೋಗ್ಯಾಳ ಅಂತ ಮಂದಿ ನಗಾಕತ್ತಾರ’ ಎಂದರು. ಫೋನ್ ಇಡುವ ಮೊದಲು, ‘ಕೂಸು ಏನ್ ಮಾಡತೈತಿ?’ ಎಂದು ಕೇಳಿದರು. ನಾನು ಫೋನನ್ನು ಕೂಸಿನ ಬಾಯಿಯ ಹತ್ತಿರ ಹಿಡಿದೆ.

ನಿಮಗೆ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ. ಕೀಲಿ ನಿಮ್ಮ ಹತ್ತಿರ ಇದೆ ಎಂಬುದಕ್ಕೋ, ಆ ಮನೆಯಲ್ಲಿ ನನಗಿಂತ ಮೊದಲು ಸೊಸೆಯಾದವರು ನೀವೊಬ್ಬರೇ ಎಂಬುದಕ್ಕೋ.

ಅನುಪಮಾ


ಲಿಂಗಸುಗೂರು
16 ಸೆಪ್ಟೆಂಬರ್ 2024

ಅನುಪಮಾ,

ನಿನ್ನೆ ಭಾನುವಾರ ಸಿಂಧನೂರಿಗೆ ಹೋಗಿದ್ದೆ. ಇವರಿಗೆ ಗೆಳತಿಯ ಮನೆಯ ಕಾರ್ಯ ಇದೆ ಎಂದೆ. ಕೀಲಿಗೆ ತುಕ್ಕು ಹಿಡಿದಿತ್ತು. ಕೊಬ್ಬರಿ ಎಣ್ಣೆ ಕೇಳಲು ಯಾರ ಮನೆಗೆ ಹೋಗಲಿ ಎಂದು ಯೋಚಿಸುತ್ತಿರುವಾಗ ನಿಮ್ಮ ಬಾಗಿಲಿಂದ ಅತ್ತೆಯ ದನಿ ಬಂತು.

‘ಯಾರದು ಕೀಲಿ ಜಗ್ಗಾಕತ್ತಿದ್ದು?’

‘ನಾ ಅತ್ತಿ, ಸುರೇಖಾ.’

ಅವರು ಕಟ್ಟೆಗೆ ಬಂದು ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದರು. ಆಮೇಲೆ, ‘ಸೊರಗೀಯಲ್ಲಬೇ. ಅವ ಉಣ್ಣಾಕ ಹಾಕ್ತಾನೋ ಇಲ್ಲೋ?’ ಎಂದರು. ಎಣ್ಣೆ ಅವರೇ ತಂದರು. ನಿಮ್ಮ ಹೊಸ್ತಿಲು ನಾನು ತುಳಿಯಲಿಲ್ಲ, ನಮ್ಮದನ್ನು ಅವರು ತುಳಿಯಲಿಲ್ಲ. ಚಹಾದ ಕಪ್ಪು ಮಾತ್ರ ಕಟ್ಟೆಯಿಂದ ಕಟ್ಟೆಗೆ ಬಂತು.

ಪಡಸಾಲೆಯಲ್ಲಿ ನಮ್ಮ ಕಡೆಯ ಗೋಡೆಯೂ ನಿಮ್ಮದರಂತೆಯೇ ಆಗಿದೆ. ನೀನು ಬರೆದದ್ದೆಲ್ಲ ಇತ್ತು, ಉಪ್ಪು ಸಹಿತ. ನಮ್ಮ ಮದುವೆ ಫೋಟೊದ ಹಿಂದಿನ ರಟ್ಟು ನೆನೆದು ಇವರ ಮುಖದ ಅರ್ಧ ಹೋಗಿದೆ. ನನಗೆ ಸಿಟ್ಟು ಬಂತು. ನಿಮ್ಮ ಕಡೆಯಿಂದ ನಮಗೆ ಬಂದಿದೆ ಎಂದೇ ಅನ್ನಿಸಿತು. ನಿನಗೂ ಹೀಗೇ ಅನ್ನಿಸಿರಬೇಕು.

ಮಾಳಿಗೆ ಹತ್ತಿ ನೋಡಿದೆ. ಮಳೆ ನಿಂತು ವಾರದ ಮೇಲಾಗಿತ್ತು. ಆದರೂ ನಮ್ಮ ಅರ್ಧದಲ್ಲಿ ಕೆರೆ. ಹಸಿರು ಪಾಚಿ, ಸೊಳ್ಳೆ ಮರಿ ಎಲ್ಲ ಇದ್ದವು. ನಿಮ್ಮ ಅರ್ಧ ಒಣಗಿ ಬೆಳ್ಳಗಿತ್ತು. ನಡುವೆ ಮೊಳಕಾಲೆತ್ತರದ ಒಡ್ಡು. ನೀನು ಮದುವೆಯಾಗಿ ಬರುವ ಮೊದಲಿನ ಕಥೆ ಅದು. ನಮ್ಮ ಮೆಣಸಿನಕಾಯಿ ಗಾಳಿಗೆ ನಿಮ್ಮ ಪಾಲಿಗೆ ಹಾರಿದವು ಎಂದು ಜಗಳವಾಗಿ, ಕೆಳಗೆ ಗೋಡೆ ಇದ್ದರೆ ಸಾಲದು, ಮೇಲೆಯೂ ಬೇಕು ಎಂದು ಇಬ್ಬರೂ ಹಟ ಹಿಡಿದರು. ಇವರು ಇಟ್ಟಂಗಿ ತರಿಸಿದರು, ನಿನ್ನ ಗಂಡ ಸಿಮೆಂಟು ತಂದ. ಮನೆ ಪಾಲಾದ ಮೇಲೆ ಅಣ್ಣತಮ್ಮ ಕೂಡಿ ಮಾಡಿದ ಕೆಲಸ ಅದೊಂದೇ.

ಮಾವನವರು ಸ್ಲ್ಯಾಬ್ ಹಾಕಿಸುವಾಗ ನೀರೆಲ್ಲ ಒಂದೇ ಕಡೆ ಇಳಿಯುವಂತೆ ಮಾಡಿದ್ದರು. ನೀರು ಹೊರಗೆ ಬೀಳುವ ಹರನಾಳಿಗೆ ಇರುವುದು ಒಂದು, ಅದು ನಿಮ್ಮ ಪಾಲಿನಲ್ಲಿ, ರಸ್ತೆಯ ಕಡೆ. ನಮ್ಮ ಅರ್ಧದ ಮಳೆನೀರು ನಿಮ್ಮ ಅರ್ಧದ ಮೇಲೆ ಹಾದೇ ಹೊರಗೆ ಬೀಳಬೇಕು. ಒಡ್ಡು ಹಾಕಿದಮೇಲೆ ಅದು ಅಲ್ಲೇ ನಿಂತು, ಒಡ್ಡಿನ ಬುಡದಿಂದ ನೇರ ಗೋಡೆಗೆ ಇಳಿಯುತ್ತಿದೆ. ಎರಡೂ ಕಡೆ. ಹೋದ ವರ್ಷ ಬರಗಾಲ, ಅದಕ್ಕೇ ಕಾಣಲಿಲ್ಲ. ಮೊದಲು ನಾವಿದ್ದಾಗ ಪ್ರತಿ ಮಳೆಗೂ ನಾನೇ ಕಸಬರಿಗೆ ಹಿಡಿದು ನೀರು ನೂಕುತ್ತಿದ್ದೆ, ಹಿತ್ತಲಿಗೆ ಚೆಲ್ಲುತ್ತಿದ್ದೆ. ಯಾಕೆ ನೂಕಬೇಕು ಎಂದು ಒಂದು ದಿನವೂ ಕೇಳಿಕೊಳ್ಳಲಿಲ್ಲ. ಮನೆಗೆಲಸ ಎಂದುಕೊಂಡಿದ್ದೆ.

ಒಡ್ಡಿನಲ್ಲಿ ಒಂದು ಕಂಡಿ ಬಿಟ್ಟರೆ ಮುಗಿಯಿತು. ಆದರೆ ಅದಕ್ಕೆ ನಮ್ಮವರು, ನಮ್ಮ ನೀರಿಗೆ ದಾರಿ ಕೊಡಪ್ಪಾ ಎಂದು ಕೇಳಬೇಕು. ನಿಮ್ಮವರು, ಬರಲಿ ಬಿಡು ಎನ್ನಬೇಕು. ಇಬ್ಬರ ಬಾಯೂ ನಿನಗೆ ಗೊತ್ತು.

ಸುರೇಖಾ


ಮಸ್ಕಿ
24 ಸೆಪ್ಟೆಂಬರ್ 2024

ಅಕ್ಕ,

ನಿಮ್ಮ ಕಾಗದವನ್ನು ಇವರಿಗೆ ಫೋನಿನಲ್ಲಿ ಓದಿ ಹೇಳಿದೆ. ಚಹಾದ ಭಾಗ ಬಿಟ್ಟೆ, ಮಾಳಿಗೆಯ ಭಾಗ ಎರಡು ಸಲ ಓದಿದೆ. ಮೊದಲು ‘ಅವರ ನೀರು ನಾವ್ಯಾಕ ಹೊರಬೇಕು?’ ಎಂದರು. ನಾನು ಹೇಳಿದೆ, ‘ಈಗ ಹೊರಾಕತ್ತಿದ್ದು ಯಾರ್ರೀ? ಕೂಸು ಎದಿಯೊಳಗ ಹೊತ್ತೈತಿ.’ ಫೋನ್ ಇಟ್ಟರು. ಮುಗಿಯಿತು ಎಂದುಕೊಂಡೆ.

ಮೂರನೆಯ ದಿನ ಅವರೇ ಫೋನ್ ಮಾಡಿ, ಗೌಂಡಿ ಮಾನಪ್ಪನನ್ನು ಕರೆಸಿದ್ದೆ ಎಂದರು. ಮಾನಪ್ಪ ಮಾಳಿಗೆ ಹತ್ತಿ ನೋಡಿ, ಕೈಗೆ ಸುತ್ತಿಗೆಯನ್ನೂ ತೆಗೆದುಕೊಳ್ಳದೆ ಇಳಿದನಂತೆ. ‘ಪಾಲಿಂದು ನಾ ಮುಟ್ಟಂಗಿಲ್ರೀ. ಎರಡೂ ಪಾಲಿನವರು ಮುಂದ ನಿಂತು ಒಡಿ ಅನ್ನಬೇಕು. ಒಬ್ಬರ ಮಾತಿಗೆ ಒಡದು, ನಾಳಿ ಪಂಚಾಯ್ತಿಯೊಳಗ ನಾ ನಿಂದ್ರಾಕ ಒಲ್ಲೆ’ ಎಂದು ಹೇಳಿ ಹೋದನಂತೆ. ಬೇರೆ ಗೌಂಡಿಗಳನ್ನು ಕೇಳಿದರೂ ಅದೇ ಮಾತು. ನಮ್ಮ ಕಡೆ ಇದು ರೂಢಿಯಂತೆ, ನನಗೆ ಗೊತ್ತಿರಲಿಲ್ಲ.

‘ಹಂಗಾರ ಭಾವಗ ಒಂದು ಮಾತು ಹೇಳ್ರಿ’ ಎಂದೆ. ಮಿಲ್ಲಿನ ಲೆಕ್ಕದ ಮಾತು ತೆಗೆದರು.

ಇವರು ಗೌಂಡಿಯನ್ನು ಕರೆಸಿದ್ದೇ ಬಹಳ ಎಂದು ನನಗೆ ಗೊತ್ತು. ಇನ್ನೂ ಒಂದು ಹೆಜ್ಜೆ ಇಡಿ ಎಂದು ಹೇಳುವ ಬಲ ಉಳಿದಿಲ್ಲ. ಹಿಂಗಾರಿ ಮಳೆ ಇನ್ನೂ ಬರುವುದಿದೆ. ಅಮ್ಮ ‘ಇರು, ಯಾರ್ ಹೋಗಂದಾರ?’ ಎನ್ನುತ್ತಾಳೆ; ಆದರೆ ಪಕ್ಕದ ಮನೆಯ ಮಾರೆಮ್ಮ ದಿನವೂ ಕೂಸನ್ನು ಎತ್ತಿಕೊಳ್ಳುವ ನೆವದಲ್ಲಿ ‘ಯಾವಾಗ ಹೋಗಾಕಿ?’ ಎಂದು ಕೇಳುತ್ತಾಳೆ.

ಭಾವನವರನ್ನು ಕರೆತರಲು ಆಗುತ್ತದೆಯೇ?

ಅನುಪಮಾ


ಲಿಂಗಸುಗೂರು
1 ಅಕ್ಟೋಬರ್ 2024

ಅನುಪಮಾ,

ಕಾಗದಗಳನ್ನೆಲ್ಲ ಇವರ ಮುಂದೆ ಇಟ್ಟೆ. ಓದಿದರು. ಕೂಸು ಆಸ್ಪತ್ರೆಯಲ್ಲಿದ್ದ ಕಡೆ ನಿಂತು ಮತ್ತೆ ಓದಿದರು. ಆಮೇಲೆ ಮಡಚಿ ಕೊಟ್ಟು, ‘ಅವ ಒಂದು ಮಾತು ಕರೀಲಿ, ಬರತೀನಿ. ಕರೀದ ನಾ ಹೋಗಿ ನಿಂದ್ರಾಕ ನಾ ಏನು ಅವನ ಮನಿ ಆಳೇನು?’ ಎಂದರು.

‘ನೀವು ಬರಬ್ಯಾಡ್ರಿ. ನಾ ನಿಂದ್ರತೀನಿ’ ಎಂದೆ.

‘ನಿನ್ನ ಮಾತು ಗೌಂಡಿ ಕೇಳ್ತಾನೇನು?’

‘ಕೇಳದಿದ್ರ ಸುತ್ತಿಗಿ ನನಗ ಕೊಡಲಿ.’

ಬೇಡ ಎನ್ನಲಿಲ್ಲ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನೀನು ಮಸ್ಕಿಯಲ್ಲಿ ಅದೇ ಬಸ್ ಹತ್ತು. ಕೂಸನ್ನು ಕರೆದುಕೊಂಡು ಬಾ. ಕೋಣೆಗೆ ಒಯ್ಯುವುದು ಬೇಡ, ಮಾಳಿಗೆಯ ಮೇಲೆ ಗಾಳಿ ಚೆನ್ನಾಗಿದೆ.

ಸುರೇಖಾ


ಸಿಂಧನೂರು
21 ಅಕ್ಟೋಬರ್ 2024

ಅಕ್ಕ,

ನೀವು ಹೋದಮೇಲೆ ಆದದ್ದನ್ನು ಬರೆಯುತ್ತೇನೆ.

ಮೊದಲಿಗೆ, ನೀವು ಓಣಿಯಲ್ಲಿ ಹೆಸರಾಗಿದ್ದೀರಿ. ಮಾನಪ್ಪ ನಮ್ಮಿಬ್ಬರನ್ನೂ ನೋಡಿ ‘ಗಂಡಸರೆಲ್ಲಿ ಅದಾರ್ರೀ?’ ಎಂದು ಕೇಳಿದ್ದಕ್ಕೆ ನೀವು ‘ಪಾಲು ಮಾಡಾಕ ಅವರು ಬಂದಿದ್ರು. ನೀರು ಬಿಡಾಕ ನಾವು ಬಂದೀವಿ. ಒಡಿ’ ಎಂದಿರಲ್ಲ, ಅದನ್ನು ಅತ್ತೆ ಮನೆಮನೆಗೆ ಮುಟ್ಟಿಸಿದ್ದಾರೆ. ಪ್ರತಿ ಸಲ ಹೇಳುವಾಗಲೂ ನಿಮ್ಮ ಮಾತು ಸ್ವಲ್ಪ ಉದ್ದವಾಗುತ್ತದೆ. ನಿನ್ನೆ ನೀವು ಮಾನಪ್ಪನ ಕೈಯಿಂದ ಸುತ್ತಿಗೆ ಕಸಿದುಕೊಂಡಿದ್ದೂ ಸೇರಿತು. ನಾನು ತಿದ್ದಲಿಲ್ಲ.

ಅವತ್ತು ಕಂಡಿ ಒಡೆಯುವ ಅಷ್ಟು ಸಪ್ಪಳದಲ್ಲಿಯೂ ಕೂಸು ನಿಮ್ಮ ಹೆಗಲ ಮೇಲೆ ನಿದ್ದೆ ಹೋಗಿದ್ದಳು. ಎತ್ತಿಕೊಳ್ಳಲೇ ಎಂದು ನಾನು ಎರಡು ಸಲ ಕೈ ಚಾಚಿದೆ. ನೀವು ನೋಡಲೇ ಇಲ್ಲ. ಆಮೇಲೆ ನಾನು ಒಡ್ಡಿನ ಮೇಲೆಯೇ ಕೂತೆ. ಕೂತಲ್ಲೇ ತೂಕಡಿಸಿದೆ ಎಂದು ಅತ್ತೆ ಹೇಳುತ್ತಾರೆ. ಬಹಳ ದಿನಗಳ ಮೇಲೆ ಬೇರೆಯವರ ಎದೆಯ ಮೇಲೆ ಕೂಸನ್ನು ಬಿಟ್ಟು ನಾನು ಕಣ್ಣು ಮುಚ್ಚಿದ್ದು ಅವತ್ತೇ.

ಪ್ಯಾನಲ್ ಪೂರ್ತಿ ತೆಗೆಸಿದ್ದಾಯಿತು. ಪ್ಲಾಸ್ಟರ್ ಕೆರೆಸಿ ಇಟ್ಟಂಗಿಯನ್ನು ಹಾಗೆಯೇ ಬಿಟ್ಟಿದ್ದೇವೆ. ‘ಗ್ವಾಡಿಗೆ ಅವಸರ ಮಾಡಬ್ಯಾಡ್ರಿ. ಉಗಾದಿತನ ಉಸರಾಡಾಕ ಬಿಡ್ರಿ, ಆಮ್ಯಾಲ ಬಣ್ಣದ ಮಾತು’ ಎಂದಿದ್ದಾನೆ ಮಾನಪ್ಪ. ಅತ್ತೆಗೆ ಸುಣ್ಣ ಬೇಕು, ಇವರಿಗೆ ಏಷಿಯನ್ ಬಣ್ಣ ಬೇಕು. ಕಿತ್ತಾಡಲು ಇನ್ನೂ ಐದಾರು ತಿಂಗಳಿದೆ. ಅಲ್ಲಿಯತನಕ ನಾನು, ಕೂಸು ಪಡಸಾಲೆಯಲ್ಲಿ. ಟಿವಿ ಕೋಣೆಗೆ ಹೋಯಿತು, ಕಿಟಕಿಗೆ ಜಾಳಿಗೆ ಬಂತು, ತೊಲೆಗೆ ಹೊಸ ಕೊಂಡಿ ಹೊಡೆಸಿದೆವು. ಬಂದವರೆಲ್ಲ ಬೋಳು ಗೋಡೆ ನೋಡಿ ‘ಕೆಲಸ ಅರ್ಧಕ್ಕ ನಿಂತೈತೇನು?’ ಎಂದು ಕೇಳುತ್ತಾರೆ. ಇವರಿಗೆ ಮುಜುಗರ. ನನಗೆ ಈ ಮನೆಯಲ್ಲಿ ಅದಕ್ಕಿಂತ ಚೆಂದದ ಗೋಡೆ ಕಾಣುವುದಿಲ್ಲ.

ಎದೆ ಪೂರ್ತಿ ತಿಳಿಯಾಗಿದೆ ಎಂದು ಬರೆಯಲು ಹೆದರಿಕೆ. ದೃಷ್ಟಿಯಾದೀತು. ಈ ತಿಂಗಳು ಆಸ್ಪತ್ರೆಗೆ ಹೋಗಿಲ್ಲ ಎಂದಷ್ಟೇ ಬರೆಯುತ್ತೇನೆ. ಬೆರಳು ಹಿಡಿಯುವುದು ಪೂರ್ತಿ ಬಿಟ್ಟಿಲ್ಲ, ಕಡಿಮೆಯಾಗಿದೆ.

ನಿನ್ನೆ ಸಂಜೆ ಹಿಂಗಾರಿ ಮಳೆ ಸುರಿಯಿತು. ಕಂಡಿ ಬಿಟ್ಟಮೇಲೆ ಮೊದಲ ದೊಡ್ಡ ಮಳೆ. ನಾನು ಕೂಸನ್ನು ಎತ್ತಿಕೊಂಡು ಒಳಕೋಣೆಯ ಬಾಗಿಲಲ್ಲಿ ನಿಂತು ಗೋಡೆಯನ್ನೇ ನೋಡುತ್ತಿದ್ದೆ, ಪರೀಕ್ಷೆಯ ಫಲಿತಾಂಶ ನೋಡುವವಳ ಹಾಗೆ. ಹೊಸ ಒದ್ದೆ ಇಳಿಯಲಿಲ್ಲ. ಇವರು ಮಿಲ್ಲಿನಿಂದ ನೆನೆದು ಬಂದರು. ತಲೆ ಒರೆಸಿಕೊಳ್ಳದೆ ಹೊರಗೆ ಕಟ್ಟೆಯ ಮೇಲೆಯೇ ನಿಂತುಬಿಟ್ಟರು. ಹರನಾಳಿಗೆಯಿಂದ ನೀರು ರಸ್ತೆಗೆ ಧೋ ಎಂದು ಬೀಳುತ್ತಿತ್ತು. ಒಳಗೆ ಬಾರೋ ಎಂದು ಅತ್ತೆ ಕರೆದರೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಹೇಳಿದರು:

‘ಯವ್ವಾ, ಅಣ್ಣನ ಕಡಿಂದು ನೀರು ಬಾಳ ಬರಾಕತ್ತೈತಿ ನೋಡು.’

ಮದುವೆಯಾಗಿ ಬಂದಮೇಲೆ ಇವರ ಬಾಯಲ್ಲಿ ನಾನು ಕೇಳಿದ್ದು ‘ಅವರ ಕಡೆ’ ಎಂಬುದೊಂದೇ. ಅತ್ತೆ ಒಲೆಯ ಮುಂದೆ ಕೂತಿದ್ದವರು ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. ‘ಬರಲಿ ಬಿಡು’ ಎಂದಷ್ಟೇ ಅಂದರು.

ಭಾವನವರಿಗೆ ಇದನ್ನು ಓದಿ ಹೇಳುವುದೋ ಬಿಡುವುದೋ ನೀವೇ ನೋಡಿ.

ನಿಮ್ಮ
ಅನುಪಮಾ